ಧಾರವಾಡದಲ್ಲಿ ಸ್ತ್ರೀಯರ ಪ್ರೌಢವಿದ್ಯೆ

ಉನ್ನತ ವಿದ್ಯೆಯನ್ನು ಬಯಸಿದ ಧಾರವಾಡ ಪ್ರಾಂತದ ತರುಣರು 1917ರ ವರೆಗೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿದ್ದಿತು. ಗಂಡುಮಕ್ಕಳನ್ನು ಅಷ್ಟು ದೂರ ಕಳುಹುವುದಕ್ಕೇ ಹಿಂದೆಮುಂದೆ ನೋಡುತ್ತಿದ್ದ ಮನೆಗಳಲ್ಲಿ ಹೆಣ್ಣುಮಕ್ಕಳ ಮಾತು ಏಳುವಂತೆಯೇ ಇರಲಿಲ್ಲ. ಆದರೆ ನಿಯಮದ ಅಡ್ಡಿಯೇನೂ ಆಗ ಉಳಿದಿರಲಿಲ್ಲ. ಈ ಪ್ರಾಂತಕ್ಕೆ ಸಂಬಂಧಿಸಿದ ಮುಂಬಯಿ ವಿಶ್ವವಿದ್ಯಾನಿಲಯವು 1857ರಲ್ಲಿ ಸ್ಥಾಪಿತವಾಗಿ, 1883ರಲ್ಲಿ ತನ್ನ ಪದವಿಗಳನ್ನು ಸ್ತ್ರೀಯರಿಗೂ ತೆರೆದಿಟ್ಟಿದ್ದಿತು.

ಅದರ ಪ್ರಥಮ ಪದವೀಧರೆಯು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ಕಾರ್ನೇಲಿಯಾ ಸೊರಾಬಜಿಯವರು. ಪರೀಕ್ಷೆಯಲ್ಲಿ ಅಗ್ರಶ್ರೇಣಿಯನ್ನು ಪಡೆದರೂ, ವಿಲಾಯತಿಯ ವ್ಯಾಸಂಗಕ್ಕಾಗಿ ಸಲ್ಲಬೇಕಾದ ವಿದ್ಯಾರ್ಥಿವೇತನವು ಸ್ತ್ರೀಯೆಂಬ ಕಾರಣದಿಂದ ಅವರಿಗೆ ತಪ್ಪಿತು. ಬಳಿಕ ಅವರು ಅಹಮದಾಬಾದಿನ ಗುಜರಾತ ಕಾಲೇಜಿನಲ್ಲಿ ಗಂಡುವಿದ್ಯಾರ್ಥಿಗಳಿಗೆ ಆಂಗ್ಲ ಸಾಹಿತ್ಯವನ್ನು ಬೋಧಿಸಿ, 1889ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. ವೇತನಕ್ಕೆ ಅನರ್ಹಳೆನಿಸಿದವಳು ಅಧ್ಯಾಪನಕ್ಕೆ ಅರ್ಹಳಾದುದು ವಿಚಿತ್ರವೇ ಸರಿ!

ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದ ಮಹನೀಯರ ಪ್ರಯತ್ನದಿಂದ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1933ರಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜು ತಲೆಯೆತ್ತಿತು. ದಾರಿಯೇನೋ ಹತ್ತಿರವಾಯಿತು. ಆದರೆ ಕಾಲೇಜಿನ ಹೊಸ್ತಿಲನ್ನು ಮೆಟ್ಟುವುದಕ್ಕೆ ಮುನ್ನ ಮ್ಯಾಟ್ರಿಕ್ ಪರೀಕ್ಷೆಯನ್ನು ದಾಟಬೇಕು. ಕನ್ನಡ ಹೆಣ್ಣುಮಕ್ಕಳ ಶಾಲೆಗಳ ಓದಾದರೋ ಬಹುತರವಾಗಿ ಪ್ರಾಥಮಿಕ ತರಗತಿಗಳಲ್ಲಿಯೇ ನಿಲ್ಲುತ್ತಿದ್ದಿತು. ಧಾರವಾಡದ ಸ್ತ್ರೀಯರ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತವರು ಅಂತಹ ಶಾಲೆಗಳಿಗೇ ಉಪಾಧ್ಯಾಯಿನಿಯರಾಗಿ ಮರಳುತ್ತಿದ್ದರು. ಹುಬ್ಬಳ್ಳಿಯಲ್ಲಿ ಉಮಾಬಾಯಿ ಕುಂದಾಪುರ ಅವರು ವೈಧವ್ಯದ ದುಃಖವನ್ನು ನುಂಗಿಕೊಂಡು ತಿಲಕ ಕನ್ಯಾಶಾಲೆಯನ್ನು ನಡೆಯಿಸಿದುದು ಈ ದೃಷ್ಟಿಯಿಂದ ಸ್ಮರಣೀಯವಾದುದು.

ಎರಡನೆಯ ತೊಡಕು ಅನ್ನವಸತಿಗಳದು. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಮಹಾಸ್ವಾಮಿಗಳವರ ಕೃಪಾಶ್ರಯದಲ್ಲಿ ಪ್ರಸಾದವನ್ನು ಸ್ವೀಕರಿಸಿ ಓದಿ ಮುಂದೆ ಬಂದ ಬಡ ಬಾಲಕರು ಅನೇಕರು. ಹಳ್ಳಿಯ ಹುಡುಗನಿಗೆ ಕಾಲೇಜು ದೊರೆತುದು ಇಂತಹ ನಿಲಯಗಳಿಂದಲೇ. ಅವನ ಅಕ್ಕತಂಗಿಯರಿಗಾದರೋ ಊರಲ್ಲಿ ಬಂಧುಗಳ ಮನೆಯಿದ್ದರೆ ಓದು, ಇಲ್ಲದಿದ್ದರೆ ಇಲ್ಲ. ನಾಡಿನ ಪ್ರಸಾದನಿಲಯಗಳು ಬಹುಮಟ್ಟಿಗೆ ಬಾಲಕರಿಗಾಗಿಯೇ ಇದ್ದವು. ಮಹಾದೇವಿಯಕ್ಕನನ್ನು ಅನುಭವಮಂಟಪದಲ್ಲಿ ಆದರಿಸಿದ ಶರಣರ ಪರಂಪರೆಯವರು ಈ ಕೊರತೆಯನ್ನು ಬಹುಕಾಲ ಗಮನಿಸದೆ ಹೋದುದನ್ನು ಮುಚ್ಚಿಡಲಾಗದು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಮರುವರ್ಷ ಧಾರವಾಡಕ್ಕೆ ಬಂದಿತು. ಕಾಲಾಂತರದಲ್ಲಿ ಶ್ರೀ ಜಗದ್ಗುರು ಮೂರುಸಾವಿರಮಠ ವಿದ್ಯಾವರ್ಧಕ ಸಂಘವು ಹುಬ್ಬಳ್ಳಿಯಲ್ಲಿ ಮಹಿಳೆಯರಿಗಾಗಿಯೇ ಕಲಾ ಮತ್ತು ವಾಣಿಜ್ಯ ಕಾಲೇಜನ್ನು ತೆರೆಯಿತು. ಧಾರವಾಡದಲ್ಲಿಯೇ 1945ರಲ್ಲಿ ಜನಿಸಿದ ಕಥೆಗಾರ್ತಿ ವೀಣಾ ಶಾಂತೇಶ್ವರ ಅವರು ಕರ್ನಾಟಕ ಕಾಲೇಜಿನಲ್ಲಿ ಆಂಗ್ಲಭಾಷೆಯ ಪ್ರಾಧ್ಯಾಪಕಿಯಾಗಿ, ತರುವಾಯ ಅಲ್ಲಿಯ ಪ್ರಾಚಾರ್ಯರ ಪೀಠವನ್ನೂ ಅಲಂಕರಿಸಿದರು.