ಚೋಕ್ ಎಳೆದೇ ಓಡಿಸಿದರೆ ಹಳೇ ಕಾರಿನ ಪಿಕಪ್ ಹೆಚ್ಚುತ್ತದೆಯೇ?

ಪೆಟ್ರೋಲ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಹಳೇ ಕಾರುಗಳನ್ನು ಜೋಪಾನ ಮಾಡಿಕೊಂಡು ಬಂದವರ ನಡುವೆ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, ‘ಚೋಕ್ ಎಳೆದೇ ಓಡಿಸಿದರೆ ಪಿಕಪ್ ಚೆನ್ನಾಗಿರುತ್ತದೆ’. ಇನ್ನೊಂದು, ‘ಚಳಿ ಇದ್ದಾಗ ಚೋಕ್ ಎಳೆದು ಹತ್ತು ನಿಮಿಷ ಶೆಡ್ಡಿನಲ್ಲೇ ಎಂಜಿನ್ ಬಿಸಿ ಮಾಡಿ’. ಮೊದಲನೆಯದು ತಪ್ಪು. ಎರಡನೆಯದು ಜೀವಕ್ಕೇ ಅಪಾಯ.

ಚೋಕ್ ಇರುವುದೇಕೆ?

1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಸರಿಯಾಗಿ ಆವಿಯಾಗದೆ, ಒಳಹೋಗುವ ದಾರಿಯ ಗೋಡೆಗಳಿಗೆ ಹನಿಹನಿಯಾಗಿ ಅಂಟಿಕೊಳ್ಳುತ್ತದೆ. ಈ ಕೊರತೆ ತುಂಬಲು ಚೋಕ್ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಪಾಲು ಹೆಚ್ಚಿಸುತ್ತದೆ. ಎಂಜಿನ್ ಬಿಸಿಯಾದ ಮೇಲೆ ಇದರ ಅಗತ್ಯವಿಲ್ಲ.

ಎಳೆದೇ ಬಿಟ್ಟರೆ ಏನಾಗುತ್ತದೆ?

ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬರುತ್ತದೆ, ಸ್ಪಾರ್ಕ್ ಪ್ಲಗ್‌ಗಳಿಗೆ ಮಸಿ ಹಿಡಿಯುತ್ತದೆ, ಮೈಲೇಜ್ ಬೀಳುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಎಂಜಿನ್ ಆಯಿಲ್ ಜೊತೆ ಸೇರುತ್ತದೆ. ಆಯಿಲ್ ತೆಳುವಾಗಿ ಎಂಜಿನ್ ಬೇಗ ಸವೆಯುತ್ತದೆ.

‘ಆದರೆ ನಮ್ಮ ಕಾರು ಚೋಕ್ ಎಳೆದರೇ ಚೆನ್ನಾಗಿ ಓಡುತ್ತದೆ’ ಎನ್ನುವವರಿದ್ದಾರೆ. ಬಿಸಿಯಾದ ಮೇಲೂ ಹಾಗಿದ್ದರೆ ಅದು ಚೋಕ್‌ನ ಮಹಿಮೆಯಲ್ಲ, ದೋಷದ ಸೂಚನೆ. ಜೆಟ್ ಕಟ್ಟಿಕೊಂಡಿರಬಹುದು, ಇಲ್ಲವೇ ಗ್ಯಾಸ್ಕೆಟ್ ಸಂದಿಯಿಂದ ಗಾಳಿ ನುಗ್ಗುತ್ತಿರಬಹುದು. ಅದನ್ನು ಸರಿಪಡಿಸಬೇಕು.

ಹೊಂದಿಸುವುದು ಹೇಗೆ?

ಎಂಜಿನ್ ಆಫ್ ಆಗಿ ತಣ್ಣಗಿರಲಿ. ಹತ್ತಿರ ಬೆಂಕಿ, ಬೀಡಿ, ಸಿಗರೇಟು ಬೇಡ.

1. ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಬಾಯಿ ನೋಡಿ. ಮುಚ್ಚಳದ ಮಾದರಿಯ ಚೋಕ್ ಆದರೆ, ನಾಬ್ ಒಳಗೆ ತಳ್ಳಿದಾಗ ಮುಚ್ಚಳ ಪೂರ್ತಿ ತೆರೆಯಬೇಕು, ಎಳೆದಾಗ ಮುಚ್ಚಬೇಕು.
2. ತಳ್ಳಿದ ಮೇಲೂ ಅರ್ಧ ಮುಚ್ಚಿದ್ದರೆ ಕೇಬಲ್ ಬಿಗಿಯಾಗಿರಬಹುದು, ಇಲ್ಲವೇ ತುಕ್ಕು ಹಿಡಿದಿರಬಹುದು. ಕೇಬಲ್ ಹಿಡಿದಿರುವ ಸ್ಕ್ರೂ ಸಡಿಲಿಸಿ, ಚೂರು ಸಡಿಲ ಉಳಿಯುವಂತೆ ಮತ್ತೆ ಬಿಗಿ ಮಾಡಿ.
3. 1960ರ ದಶಕದ ಎಂಜಿಬಿಯಂಥ ಬ್ರಿಟಿಷ್ ಕಾರುಗಳ ಎಸ್‌ಯು ಕಾರ್ಬ್ಯುರೇಟರ್‌ಗಳಲ್ಲಿ ಮುಚ್ಚಳವಿಲ್ಲ. ನಾಬ್ ಎಳೆದಾಗ ಜೆಟ್ ಕೆಳಗಿಳಿದು ಹೆಚ್ಚು ಪೆಟ್ರೋಲ್ ಬಿಡುತ್ತದೆ. ತಳ್ಳಿದಾಗ ಜೆಟ್ ಪೂರ್ತಿ ಮೇಲೇರಬೇಕು. ಎರಡು ಕಾರ್ಬ್ಯುರೇಟರ್ ಇದ್ದರೆ ಎರಡರ ಜೆಟ್‌ಗಳೂ ಒಟ್ಟಿಗೇ ಚಲಿಸಬೇಕು.
4. ಚೋಕ್ ಎಳೆದಾಗಿನ ಎಂಜಿನ್ ವೇಗವನ್ನು ಆ ಕಾರಿನ ಮ್ಯಾನುಯಲ್‌ನಲ್ಲಿರುವಷ್ಟೇ ಇಡಿ.

ಶೆಡ್ಡಿನಲ್ಲಿ ಏಕೆ ಬೇಡ?

ಗಾಳಿ ಸಾಲದೆ ಪೆಟ್ರೋಲ್ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ. ಚೋಕ್ ಎಳೆದಾಗ ಆಗುವುದು ಇದೇ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ದೇಹಕ್ಕೆ ಆಮ್ಲಜನಕ ಸಿಗದಂತೆ ಮಾಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಲಕ್ಷಣಗಳು. ಹಾಗಾದರೆ ತಕ್ಷಣ ಬಯಲಿಗೆ ಬಂದು ಆಸ್ಪತ್ರೆಗೆ ಹೋಗಿ. ಬಾಗಿಲು ಅರ್ಧ ತೆರೆದಿದ್ದರೆ ಸಾಕು ಎಂದುಕೊಳ್ಳಬೇಡಿ.

ನಮ್ಮ ತೀರ್ಮಾನ

ಚೋಕ್ ಇರುವುದು ತಣ್ಣನೆಯ ಎಂಜಿನ್ ಎಬ್ಬಿಸಲು ಮಾತ್ರ. ಸ್ಟಾರ್ಟ್ ಆದ ಕೂಡಲೇ ಕಾರನ್ನು ಹೊರಗೆ ತನ್ನಿ, ನಿಧಾನವಾಗಿ ಓಡಿಸುತ್ತಾ ಚೋಕ್ ಸ್ವಲ್ಪಸ್ವಲ್ಪವೇ ಒಳಗೆ ತಳ್ಳಿ. ‘ಶೆಡ್ಡಿನಲ್ಲೇ ಬಿಸಿ ಮಾಡಿ’ ಎಂಬ ಸಂದೇಶ ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ಅಪಾಯ ತಿಳಿಸಿ.