ರೈಫಲ್‌ಗೆ ಹೊಸ ಸ್ಟಾಕ್: ಮೊದಲು ಅಳತೆ, ಆಮೇಲೆ ಕಾನೂನು

ಅಮೆರಿಕದಲ್ಲಿ ಎಆರ್-15 ರೈಫಲ್‌ನ ಸ್ಟಾಕ್, ಅಂದ್ರೆ ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ, ಬಿಡಿಯಾಗಿಯೇ ಸಿಗುತ್ತೆ. ಕೊಳ್ಳುವವರು ಮೊದಲು ನೋಡಬೇಕಾದ್ದು ಬ್ರ್ಯಾಂಡ್ ಅಲ್ಲ, ಅಳತೆ. ಸ್ಟಾಕ್ ಕೂರುವ ಕೊಳವೆಯಲ್ಲಿ ಎರಡು ಬಗೆ: ಸೇನೆಯ ಅಳತೆಯದ್ದು ಸುಮಾರು 1.15 ಇಂಚು ದಪ್ಪ, 'ಕಮರ್ಷಿಯಲ್' ಸುಮಾರು 1.17. ವ್ಯತ್ಯಾಸ ಬರೀ ಅರ್ಧ ಮಿಲಿಮೀಟರ್. ಆದರೆ ದಪ್ಪ ಕೊಳವೆಯ ಸ್ಟಾಕನ್ನು ಸಣ್ಣದಕ್ಕೆ ಹಾಕಿದ್ರೆ ಅಲುಗಾಡುತ್ತೆ, ಉಲ್ಟಾ ಮಾಡಿದ್ರೆ ಕೂರೋದೇ ಇಲ್ಲ. ಅಲುಗಾಡಬಾರದು, ಲಾಕ್ ಗಟ್ಟಿ ಇರಬೇಕು, ಭುಜದಿಂದ ಜಾರಬಾರದು. ಒಳ್ಳೇ ಸ್ಟಾಕ್ ಅಂದ್ರೆ ಇಷ್ಟೇ.

ರಾಜಕೀಯ ಶುರುವಾಗೋದು ಇಲ್ಲಿಂದ. ಉದ್ದ ಹೊಂದಿಸಬಹುದಾದ ಸ್ಟಾಕ್ ಗುಂಡಿನ ವೇಗ ಹೆಚ್ಚಿಸಲ್ಲ. ಆದರೂ 1994ರ ಫೆಡರಲ್ ನಿಷೇಧ ಅದನ್ನು 'ಅಸಾಲ್ಟ್ ವೆಪನ್' ಲಕ್ಷಣಗಳಲ್ಲಿ ಒಂದೆಂದು ಎಣಿಸಿತು. ಆ ಕಾನೂನಿನ ಅವಧಿ 2004ರಲ್ಲಿ ಮುಗಿದರೂ ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಲಕ್ಷಣಗಳ ಪಟ್ಟಿ ಬಿಟ್ಟಿಲ್ಲ.

ಬಂಪ್ ಸ್ಟಾಕ್ ಕಥೆ ಬೇರೆ. ರೈಫಲ್ ಹಿಂದಕ್ಕೆ ಒದೆಯುವ ಬಲವನ್ನೇ ಬಳಸಿ ಅದು ಗುಂಡುಗಳನ್ನು ಸರಸರನೆ ಹಾರಿಸುತ್ತೆ. 2017ರ ಲಾಸ್ ವೇಗಸ್ ಹತ್ಯಾಕಾಂಡದಲ್ಲಿ ಬಳಕೆಯಾಗಿದ್ದು ಇದೇ. ಟ್ರಂಪ್ ಸರ್ಕಾರವೇ (ಹೌದು, ಟ್ರಂಪ್ ಸರ್ಕಾರವೇ) ತಂದ ನಿಷೇಧವನ್ನು ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ 6-3 ಬಹುಮತದಿಂದ ರದ್ದು ಮಾಡಿತು. ಈಗ ಉಳಿದಿರೋದು ಕೆಲವು ರಾಜ್ಯಗಳ ಸ್ವಂತ ನಿಷೇಧ. ಹಾಗಾಗಿ ಕೊಳ್ಳುವ ಮುಂಚೆ ಅಳತೆಪಟ್ಟಿಯ ಜೊತೆ ರಾಜ್ಯದ ಕಾನೂನನ್ನೂ ನೋಡಲೇಬೇಕು.