ರಾಗಿ ಬೆಳೆಯೋರ ಲೆಕ್ಕ, ತಿನ್ನೋರ ಲೆಕ್ಕ

‘ರೈತರಿಗೆ ಅರಿವಿಲ್ಲ ಕಣ್ರೀ, ಅದಕ್ಕೇ ರಾಗಿ ಬಿಟ್ಟು ಕಬ್ಬು ಹಾಕ್ತಾರೆ.’ ಮಿಲ್ಲೆಟ್ ದೋಸೆ ತಿನ್ನುತ್ತಾ ಹೀಗೆ ಹೇಳೋರು ನಮ್ಮ ಆಫೀಸುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿದ ಮೇಲಂತೂ ಇನ್ನೂ ಜಾಸ್ತಿ. ಈ ಮಾತು ಕೇಳಿದಾಗೆಲ್ಲ ನನಗೆ ನೆನಪಾಗೋದು ಮಂಡ್ಯದ ಎರಡು ಹಳ್ಳಿಗಳು.

ಹಿಟ್ಲರನ ಕಾಲದಲ್ಲಿ ವಿಯೆನ್ನಾ ಬಿಟ್ಟು ಓಡಿಬಂದ ಯಹೂದಿ ಹುಡುಗಿ ಸ್ಕಾರ್ಲೆಟ್ ಎಪ್‌ಸ್ಟೀನ್. ಮುಂದೆ ಮಾನವಶಾಸ್ತ್ರ ಕಲಿತು 1954ರಲ್ಲಿ ಮಂಡ್ಯ ಸೀಮೆಗೆ ಬಂದು ಕೂತರು. ಎರಡು ವರ್ಷದ ಕೆಲಸ 1962ರಲ್ಲಿ ಪುಸ್ತಕವಾಯಿತು. ಊರುಗಳಿಗೆ ಅವರು ಕೊಟ್ಟ ಸುಳ್ಳು ಹೆಸರು ವಂಗಲ ಮತ್ತು ದಲೇನ. ವಂಗಲಕ್ಕೆ ಕನ್ನಂಬಾಡಿ ಕಾಲುವೆಯ ನೀರು ಬಂದಿತ್ತು. ದಲೇನ ಕಾಲುವೆಗಿಂತ ಎತ್ತರದಲ್ಲಿತ್ತು, ನೀರು ಪಕ್ಕದಲ್ಲೇ ಹರಿದರೂ ಹೊಲಕ್ಕೆ ಹತ್ತಲಿಲ್ಲ.

ನೀರು ಬಂದ ಊರು ಪೂರ್ತಿ ಬದಲಾಗಿರುತ್ತೆ, ಬಾರದ ಊರು ಹಾಗೇ ಉಳಿದಿರುತ್ತೆ ಅಂತ ತಾನೇ ನಾವಂದ್ಕೊಳ್ಳೋದು? ಆದದ್ದು ಉಲ್ಟಾ. ವಂಗಲದವರು ಭತ್ತ ಹಾಕಿದರು, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಬೆಳೆದರು, ಕೈಯಲ್ಲಿ ದುಡ್ಡು ಆಡಿತು. ಆದರೆ ಒಕ್ಕಲಿಗ ಯಜಮಾನರಿಗೂ ಅವರ ಹೊಲದಲ್ಲಿ ದುಡಿಯುತ್ತಿದ್ದ ಆದಿ ಕರ್ನಾಟಕದವರಿಗೂ ಇದ್ದ ವಂಶಪಾರಂಪರ್ಯದ ಸಂಬಂಧ ಅಲುಗಾಡಲಿಲ್ಲ. ದಲೇನದವರೋ ಮಿಲ್ ಹಾಕಿದರು, ಬೇರೆ ಊರಲ್ಲಿ ನೀರಾವರಿ ಜಮೀನು ಕೊಂಡರು, ಮಂಡ್ಯದಲ್ಲಿ ಕೆಲಸ ಹಿಡಿದರು. ಹಳೇ ಕಟ್ಟು ಸಡಿಲವಾಗಿದ್ದು ಅಲ್ಲಿ.

ಈ ‘ಹಳೇ ಕಟ್ಟು’ ಏನು ಅಂತ ಸ್ವಲ್ಪ ನಿಂತು ನೋಡಬೇಕು. ಆಳಿನ ಮನೆಗೆ ಸುಗ್ಗಿಯಲ್ಲಿ ಇಂತಿಷ್ಟು ಅಂತ ಕಾಳು, ಹುಲ್ಲು ನಿಗದಿ. ಬೆಳೆ ಚೆನ್ನಾಗಿ ಬಂದರೂ ಅಷ್ಟೇ. ಬೆಳೆ ಕೆಟ್ಟ ವರ್ಷವೂ ಆ ಮನೆಯವರು ಬದುಕೋಷ್ಟು ಸಿಗಬೇಕು ಅನ್ನೋ ವಾಡಿಕೆ. ಹಾಗಾಗಿ ಒಳ್ಳೇ ವರ್ಷದ ಹೆಚ್ಚುವರಿಯೆಲ್ಲ ಯಜಮಾನನ ಕಣಜಕ್ಕೆ. ಇದನ್ನ ಹಳ್ಳಿಯ ಸೌಹಾರ್ದ ಅಂತ ಹಾಡಿ ಹೊಗಳೋರಿದ್ದಾರೆ, ನಾನಂತೂ ಒಪ್ಪಲ್ಲ. ಅದು ಜಾತಿ ಕಟ್ಟಿದ ವಿಮೆ, ಪ್ರೀಮಿಯಂ ಕಟ್ಟುತ್ತಿದ್ದೋರು ಆಳುಗಳು. ಆದರೆ ಇಬ್ಬರೂ ಅದರಲ್ಲಿ ಯಾಕೆ ಉಳಿದರು ಅನ್ನೋದು ಅರ್ಥವಾಗುತ್ತೆ: ಮಳೆ ನಂಬೋ ಸೀಮೆಯಲ್ಲಿ ‘ಹೆಚ್ಚು ಬರಲಿ’ ಅನ್ನೋ ಆಸೆಗಿಂತ ‘ಉಪವಾಸ ಬೀಳದಿರಲಿ’ ಅನ್ನೋ ಭಯ ದೊಡ್ಡದು.

ರಾಗಿ ಉಳಿದುಕೊಂಡಿದ್ದೂ ಇದೇ ಲೆಕ್ಕದ ಮೇಲೆ. ಕ್ಯಾಲ್ಸಿಯಂ ಇದೆ ಅಂತ ಯಾರೂ ಬೆಳೆಯಲಿಲ್ಲ. ಅದಕ್ಕೆ ಹುಳ ಬೀಳೋದು ಕಮ್ಮಿ, ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಇರುತ್ತೆ, ಹುಲ್ಲು ದನಕ್ಕಾಗುತ್ತೆ. ಮರ್ಯಾದೆ ಮಾತ್ರ ಅಕ್ಕಿಗಿತ್ತು. ನಮ್ಮಜ್ಜಿ ಕಾಲದಲ್ಲಿ ಅನ್ನ ಅಂದ್ರೆ ಹಬ್ಬ, ನೆಂಟರು. ಮುದ್ದೆ ಉಳಿದ ದಿನಕ್ಕೆ. ಕೈಗೆ ದುಡ್ಡು ಬಂದವರು ಅನ್ನಕ್ಕೆ ಹೋದರೆ ಅದರಲ್ಲಿ ಅಜ್ಞಾನವೇನು ಬಂತು? ನಾವು ಈಗ ಮುದ್ದೆಗೆ ವಾಪಸ್ ಬಂದಿರೋದೂ ಹೊಟ್ಟೆ ತುಂಬಿದ ಮೇಲೆ, ಶುಗರ್ ರಿಪೋರ್ಟ್ ನೋಡಿದ ಮೇಲೆ.

ಅದೇ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು, ಇಂಡಿಯಾ ಜೊತೆ ಆಫ್ರಿಕಾ. ಸುತ್ತಲೂ ಕಬ್ಬು, ಭತ್ತದ ಭರಾಟೆ ಇದ್ದಾಗ ಬಡವರ ಕಾಳಿನ ಹಿಂದೆ ಬಿದ್ದ ಮನುಷ್ಯ. ಇವರ ಬಗ್ಗೆ ಇನ್ನೊಮ್ಮೆ ಬರೀಬೇಕು.

ರಾಗಿಯ ಬೆಂಬಲ ಬೆಲೆ 2023-24ರಲ್ಲಿ ಕ್ವಿಂಟಾಲ್‌ಗೆ 3,846 ರೂಪಾಯಿ ಇತ್ತು, 2025-26ಕ್ಕೆ 4,886 ಆಯಿತು. ಬೆಲೆ ಏರಿದ್ದಕ್ಕೇ ರಾಗಿ ಹಾಕಿದ್ರಾ ಅಂತ ನಾಗಮಂಗಲ ಕಡೆಯ ನಮ್ಮ ಚಿಕ್ಕಮ್ಮನ್ನ ಫೋನಲ್ಲಿ ಕೇಳಿದೆ. ‘ಬೆಲೆ ಕತೆ ಇರ್ಲಿ ಮಗಾ, ಹಸೀಗೆ ಹುಲ್ಲು ಬೇಡ್ವಾ?’ ಅಂದ್ರು.